ಮಸಾರಿ ನೆಲದಲ್ಲಿ ಗೌರಿ ಹೂ: ಅರ್ಧಕ್ಕರ್ಧ ಗಡ್ಡೆ ಚಿಗುರಲಿಲ್ಲ, ಹೂ ಬಿಟ್ಟವು ಕಾಯಿ ಕಟ್ಟಲಿಲ್ಲ

(ತೋಟಗಾರರ ಪ್ರಶ್ನೋತ್ತರ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು ಮತ್ತು ಊರು.)

ಮಸಾರಿ ತೋಟ, ಗಂಗಾವತಿ

ಜಾಗ ಕಲ್ಲುಗುಡ್ಡದ ಬುಡದ ಮಸಾರಿ. ಮೇಲೆ ಒಂದಡಿ ಮರಳು ಕೂಡಿದ ಕೆಂಪು ಮಣ್ಣು, ಕೆಳಗೆ ಗರಸು. ಕಳೆದ ಜೂನ್ ಕೊನೆಗೆ ಗೌರಿ ಹೂವಿನ (ಅಗ್ನಿಶಿಖೆ) 12 ಗಡ್ಡೆ ಹಾಕಿದ್ದು. ಆರು ನೆಲಕ್ಕೆ, ಆರು 10 ಇಂಚಿನ ಕುಂಡಕ್ಕೆ. ಕುಂಡದ ಮಿಶ್ರಣ ಅರ್ಧ ಕೊಕೊಪೀಟ್, ಅರ್ಧ ಎರೆಗೊಬ್ಬರ. ಗಡ್ಡೆ 15 ಗ್ರಾಂನಿಂದ 70 ಗ್ರಾಂವರೆಗೆ ಇದ್ದವು. ಪಾರ್ಸಲ್‌ನಲ್ಲಿ ಬರುವಾಗ ಕೆಲವು ಮುರಿದಿದ್ದವು, ಆ ತುಂಡುಗಳೂ ಈ 12ರಲ್ಲೇ ಸೇರಿವೆ. ಎಲ್ಲವನ್ನೂ ಆರಿಂಚು ಆಳಕ್ಕೆ, ಚೂಪು ತುದಿ ಮೇಲೆ ಮಾಡಿ ನಿಲ್ಲಿಸಿ ನೆಟ್ಟಿದೆ.

ನೆಲದಲ್ಲಿ ನಾಲ್ಕು, ಕುಂಡದಲ್ಲಿ ಒಂದು ಚಿಗುರಿದವು. ಅವುಗಳಲ್ಲಿ ಮೂರು ಹೂ ಬಿಟ್ಟವು, ಒಟ್ಟು ಇಪ್ಪತ್ತಕ್ಕೂ ಹೆಚ್ಚು. ಒಂದೂ ಕಾಯಿ ನಿಲ್ಲಲಿಲ್ಲ. ಸೆಪ್ಟೆಂಬರ್ ಮಳೆಯಲ್ಲಿ ಎಲೆ ಮೇಲೆ ಕಂದು ಚುಕ್ಕೆ ಬಂತು, ನವೆಂಬರ್‌ಗೆ ಬಳ್ಳಿ ಒಣಗಿತು. ಕುಂಡಗಳಿಗೆ ಜನವರಿವರೆಗೆ ವಾರಕ್ಕೊಮ್ಮೆ ನೀರು ಬಿದ್ದಿದೆ. ಈಗ ಮೇ ಮೊದಲ ವಾರ, ಯಾವುದನ್ನೂ ಅಗೆದು ನೋಡಿಲ್ಲ.

ಚಿಗುರದೇ ಇದ್ದವು ಸತ್ತಿವೆಯೋ ಮಲಗಿವೆಯೋ ಗೊತ್ತಾಗುವುದು ಹೇಗೆ? ಕಾಯಿ ಯಾಕೆ ನಿಲ್ಲಲಿಲ್ಲ? ಇನ್ನೊಂದು: ಸಂಡೂರು ಕಡೆಯ ಗುಡ್ಡದಿಂದ ಕಾಡು ಗಡ್ಡೆ ತಂದುಕೊಡುತ್ತೇವೆ ಎನ್ನುವವರಿದ್ದಾರೆ. ನಮ್ಮ ಸೀಮೆಯ ಗಡ್ಡೆಯಾದರೆ ನಮ್ಮ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ ಎನ್ನುವುದು ಅವರ ವಾದ. ತೆಗೆದುಕೊಳ್ಳಬಹುದೇ?

ಕಲ್ಲುಗುಡ್ಡ, ಸಂಡೂರು

ಮೊದಲು ಗಡ್ಡೆಯ ವಿಷಯ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಇದು ಆಲೂಗಡ್ಡೆಯಲ್ಲ. ಆಲೂಗಡ್ಡೆಗೆ ಮೈತುಂಬ ಕಣ್ಣು, ಯಾವ ತುಂಡಿಗೆ ಕಣ್ಣಿದ್ದರೂ ಮೊಳಕೆ ಬರುತ್ತದೆ. ಗೌರಿ ಹೂವಿನ ಗಡ್ಡೆ ನೇಗಿಲಿನ ಹಾಗೆ ಕವಲೊಡೆದಿರುತ್ತದೆ. ಸಂಸ್ಕೃತದಲ್ಲಿ ಲಾಂಗಲಿ ಎಂದು ಕರೆದದ್ದೂ ಅದಕ್ಕೇ. ಎರಡು ತೋಳು, ಒಂದೊಂದು ತೋಳಿನ ತುದಿಗೆ ಒಂದೇ ಒಂದು ಮೊಗ್ಗು. ಆ ತುದಿ ಚಿವುಟಿ ಹೋದರೆ 100 ಗ್ರಾಂ ಗಡ್ಡೆಯಾದರೂ ಮಣ್ಣಲ್ಲಿ ಸುಮ್ಮನೆ ಕೂತು ಕೊಳೆಯುತ್ತದೆ. ನೀವು ನೆಟ್ಟ ಮುರಿದ ತುಂಡುಗಳಲ್ಲಿ ತುದಿ ಯಾವುದಕ್ಕಿತ್ತು, ನಡುವಿನ ತುಂಡು ಯಾವುದು ಎಂದು ನೆನಪಿಸಿಕೊಳ್ಳಿ. ನಡುವಿನದು ಚಿಗುರುವ ಪ್ರಶ್ನೆಯೇ ಇಲ್ಲ.

ಎರಡು ತೋಳನ್ನು ಬೇರೆ ಮಾಡಬೇಕೆಂದರೆ ಕವಲು ಸೇರುವ ಜಾಗದಲ್ಲಿ, ಹಳೆಯ ಕಾಂಡದ ಗುರುತು ಇರುವಲ್ಲಿ ಮಾತ್ರ ಮುರಿಯಬೇಕು. ಮುರಿದ ಬಾಯಿಗೆ ಬೂದಿ ಹಚ್ಚಿ, ನೆರಳಲ್ಲಿ ಎರಡು ಮೂರು ದಿನ ಬಿಟ್ಟು ಗಾಯ ಒಣಗಿದ ಮೇಲೆ ನೆಡಬೇಕು.

ತೂಕವೂ ಮುಖ್ಯ. ತಮಿಳುನಾಡಿನಲ್ಲಿ ಧಾರಾಪುರಂ, ಮೂಲನೂರು, ಒಡ್ಡನ್‌ಛತ್ರಂ ಸುತ್ತ ಇದನ್ನು ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಅಲ್ಲಿ 50–60 ಗ್ರಾಂಗಿಂತ ಕಡಿಮೆ ತೂಕದ ಗಡ್ಡೆ ಹಾಕುವುದಿಲ್ಲ. 15–20 ಗ್ರಾಂನದು ಚಿಗುರಿದರೂ ಒಂದು ತೆಳ್ಳನೆಯ ಬಳ್ಳಿ ಬಿಟ್ಟು ಹೂ ಕೊಡದೆ ಮಲಗುತ್ತದೆ. ಹೂ ಬಿಡದ ನಿಮ್ಮ ಎರಡು ಬಳ್ಳಿ ಆ ಲೆಕ್ಕದವು ಇರಬೇಕು. ಅವುಗಳಲ್ಲಿ ತಪ್ಪೇನಿಲ್ಲ, ಒಂದೆರಡು ವರ್ಷ ಮೈ ತುಂಬಿಕೊಳ್ಳಲಿ.

ನಿಲ್ಲಿಸಿ ನೆಡುವ ಅಗತ್ಯವಿಲ್ಲ. ಅಡ್ಡ ಮಲಗಿಸಿ, ಮೊಗ್ಗಿನ ತುದಿ ಒಂಚೂರು ಮೇಲಿರಲಿ, ಮೇಲೆ ಮೂರು ನಾಲ್ಕು ಇಂಚು ಮಣ್ಣು ಸಾಕು. ಗಡ್ಡೆಯಿಂದ ಗಡ್ಡೆಗೆ ಒಂದೂವರೆ ಅಡಿ ಬಿಡಿ. ನೆಡುವ ಮುನ್ನ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಕರಗಿಸಿ ಅರ್ಧ ಗಂಟೆ ಅದ್ದಿ ತೆಗೆದರೆ ಕೊಳೆ ರೋಗ ಬಹಳ ಕಡಿಮೆಯಾಗುತ್ತದೆ. ರಾಸಾಯನಿಕ ಬೇಡ ಎನ್ನುವವರು ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ವಾರ ನೆರಳಲ್ಲಿ ತೇವವಾಗಿಟ್ಟು ಗುಣಿಗೆ ಹಾಕಬಹುದು. ಎರಡನ್ನೂ ಒಟ್ಟಿಗೆ ಮಾಡಬೇಡಿ, ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ.

ಕುಂಡದಲ್ಲಿ ಐದು ಹೋದದ್ದಕ್ಕೆ ಕಾರಣ ಹುಡುಕಬೇಕಿಲ್ಲ. ಕೊಕೊಪೀಟ್ ನೀರು ಹಿಡಿದಿಡುವ ಸಾಮಾನು, ಎರೆಗೊಬ್ಬರವೂ ಅಷ್ಟೇ. ಅದರ ಮೇಲೆ ಮಳೆಗಾಲ.

ಎರಿಹೊಲ, ಸಿಂಧನೂರು

ಕಲ್ಲುಗುಡ್ಡದವರು ಹೇಳಿದ್ದು ಖರೆ ಐತ್ರಿ. ಮಣ್ಣು ನೀರಿನ ಮಾತು ನಾ ಒಂದಿಷ್ಟು ಸೇರಸ್ತೀನಿ.

ಕುಂಡಕ್ಕ ಮಿಶ್ರಣ ಹಿಂಗ ಮಾಡ್ರಿ: ಎರಡು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ದಪ್ಪ ಹಳ್ಳದ ಉಸುಕು, ಒಂದು ಬುಟ್ಟಿ ಪೂರಾ ಕಳಿತ ತಿಪ್ಪಿ ಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಉಸುಕು) ಹಾಕೋದಾದ್ರ ಎರಡು ಸಲ ತೊಳದು ಹಾಕ್ರಿ, ಅದರಾಗಿನ ಧೂಳು ಕುಂಡದ ತಳಕ್ಕಿಳದು ಸಿಮೆಂಟಿನಂಗ ಕೂಡತೈತಿ. ಕುಂಡ 12 ಇಂಚಿಗಿಂತ ಸಣ್ಣದು ಬ್ಯಾಡ. ತಳದಾಗ ತೂತು ನಾಕರೆ ಇರಲಿ. ಒಂದು ಕುಂಡಕ್ಕ ಒಂದೇ ಗಡ್ಡಿ.

ಎರಿ (ಕಪ್ಪು ಮಣ್ಣಿನ) ಭೂಮ್ಯಾಗ ಇದನ್ನ ಹಚ್ಚೂ ವಿಚಾರನ ಮಾಡಬ್ಯಾಡ್ರಿ. ಸೆಪ್ಟೆಂಬರ್ ಮಳಿಗೆ ಎರಿ ಉಬ್ಬಿ ಗಡ್ಡಿ ಸುತ್ತ ಗಾಳಿ ಆಡೂದಿಲ್ಲ, ಕೊಳಿತೈತಿ. ಬ್ಯಾಸಿಗ್ಯಾಗ ಬಿರುಕು ಬಿಟ್ಟಾಗ ಗಡ್ಡಿನೂ ಎಳದು ಮುರಿತೈತಿ. ಹಚ್ಚಲೇಬೇಕಂದ್ರ ಒಂದೂವರಿ ಅಡಿ ಎತ್ತರದ ಮಡಿ ಮಾಡಿ, ಹೊರಗಿಂದ ಮಸಾರಿ ತಂದು ತುಂಬ್ರಿ. ಕಾಲುವಿ ಕೊನಿ ಭಾಗದಾಗ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆ, ಸವಳು (ಉಪ್ಪು) ಎದ್ದ ನೆಲ ಭಾಳ ಅದಾವ. ನೆಲದ ಮ್ಯಾಲ ಬಿಳಿ ಪುಡಿ ಕಂಡ್ರ ಅಲ್ಲಿ ಬ್ಯಾಡೇ ಬ್ಯಾಡ. ಬೋರಿನ ನೀರು ಉಪ್ಪಿದ್ರ ಎಲಿ ತುದಿ ಸುಡತಾವ. ಈ ಬಳ್ಳಿಗೆ ಎಲಿ ತುದಿನ ಕೈ! ಆ ತುದಿ ಸುರಳಿ ಸುತ್ತಿ ಆಸರ ಹಿಡಿತೈತಿ, ಅದು ಸುಟ್ರ ಬಳ್ಳಿ ನೆಲಕ್ಕ ಬೀಳತೈತಿ.

ನೀರು: ನೆಟ್ಟ ದಿನ ಒಂದು, ನಾಕನೇ ದಿನಕ್ಕ ಒಂದು. ಆಮ್ಯಾಲೆ ಮಳಿ ಇಲ್ಲಂದ್ರ ಐದಾರು ದಿನಕ್ಕೊಮ್ಮೆ, ಮ್ಯಾಲಿನ ಎರಡಿಂಚು ಮಣ್ಣು ಒಣಗಿದ ಮ್ಯಾಲೇ. ಎಲಿ ಹಳದಿ ಆಗಾಕ ಹತ್ತಿದ ದಿನದಿಂದ ನೀರು ಪೂರಾ ಬಂದ್. ನೀವು ಜನವರಿ ತನಕ ಕುಡಿಸಿದ್ದು ಮಲಗಿದ ಗಡ್ಡಿಗೆ ವಿಷ ಹಾಕಿದಂಗ.

ಆಸರಕ್ಕ ದಪ್ಪ ಬಿದಿರು ಬ್ಯಾಡ. ಎಲಿ ತುದಿಗೆ ದಪ್ಪ ಕೋಲು ಸುತ್ತಾಕ ಬರೂದಿಲ್ಲ. ಬಂದರಿಕಿ ಗಿಡದ ಒಣ ಟೊಂಗಿ, ಸಣ್ಣ ಕವಲು ಇದ್ದದ್ದು, ಐದಾರು ಅಡಿ ಉದ್ದ, ಅದು ಛಲೋ. ಇಲ್ಲಂದ್ರ ತಂತಿ ಬೇಲಿ. ಟೊಂಗಿನ ಗಡ್ಡಿ ನೆಡೂವಾಗನ ಹುಗೀರಿ. ಚಿಗುರು ಬಂದ ಮ್ಯಾಲೆ ಹುಗ್ಯಾಕ ಹೋದ್ರ ಗಡ್ಡಿ ತುದಿಗೇ ಚುಚ್ಚತೈತಿ.

ಬೀಜಬುಟ್ಟಿ, ಕುಷ್ಟಗಿ

ಕಾಯಿ ನಿಲ್ಲದ ವಿಷಯಕ್ಕೆ ಬರೋಣ. ಒಂದು ಹೂವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೂ ತಲೆ ಬಗ್ಗಿಸಿ ತೂಗುತ್ತದೆ, ಆರು ದಳ ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ. ಆರು ಕೇಸರ ಛತ್ರಿಯ ಕಡ್ಡಿಗಳ ಹಾಗೆ ಸುತ್ತ ಹರಡುತ್ತವೆ. ನಡುವಿನ ಅಂಡಾಶಯದಿಂದ (ಮುಂದೆ ಕಾಯಿ ಆಗುವ ಭಾಗ) ಹೊರಡುವ ಕಡ್ಡಿ, ಅಂದರೆ ಶಲಾಕೆ ಮಾತ್ರ ಬುಡದಲ್ಲೇ ಸುಮಾರು ಲಂಬಕೋನಕ್ಕೆ ಬಾಗಿ ಒಂದು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿ ಮೂರು ಸೀಳು, ಪರಾಗ ಹಿಡಿಯುವುದು ಅಲ್ಲಿ. ತನ್ನ ಪರಾಗ ತನ್ನ ಮೇಲೇ ಬೀಳದಿರಲಿ ಎಂಬ ಏರ್ಪಾಡು ಇದು. ಪಾತರಗಿತ್ತಿ, ಸೂರಕ್ಕಿ ಬಂದು ಹೂವಿನಿಂದ ಹೂವಿಗೆ ಹೋದರೆ ಮಾತ್ರ ಕಾಯಿ. ಮೂರೇ ಬಳ್ಳಿ ಇರುವಲ್ಲಿ ಅವುಗಳನ್ನು ನಂಬಿ ಕೂರುವಂತಿಲ್ಲ.

ಕೈಯಲ್ಲಿ ಮಾಡುವುದು ಸುಲಭ. ಬೆಳಿಗ್ಗೆ, ಬಿಸಿಲು ಏರಿ ಪರಾಗಕೋಶ ಒಡೆದು ಹಳದಿ ಪುಡಿ ಕಾಣಿಸಿದ ಮೇಲೆ, 8ರಿಂದ 11ರ ಒಳಗೆ. ಹನ್ನೊಂದರ ನಂತರ ನಮ್ಮ ಸೀಮೆಯ ಒಣ ಗಾಳಿಗೆ ಪರಾಗ ಸೊರಗುತ್ತದೆ. ಒಂದು ಬಳ್ಳಿಯ ಹೂವಿನಿಂದ ಕೇಸರವನ್ನೇ ಕಿತ್ತು, ಬೇರೆ ಗಡ್ಡೆಯಿಂದ ಬಂದ ಬಳ್ಳಿಯ ಹೂವಿನ ಶಲಾಕೆ ತುದಿಗೆ ಮೆಲ್ಲಗೆ ಉಜ್ಜಿ. ಮೆತ್ತನೆಯ ಬಣ್ಣದ ಕುಂಚವೂ ಆದೀತು, ಆದರೆ ಹಿಂದಿನ ದಿನ ಮಳೆ ಬಂದು ಪರಾಗ ಒದ್ದೆಯಾಗಿದ್ದರೆ ಕುಂಚಕ್ಕೆ ಅಂಟಿ ಉಂಡೆಯಾಗುತ್ತದೆ. ಮರುದಿನ ಇನ್ನೊಮ್ಮೆ ಮಾಡಿ, ಹೂವಿನ ತೊಟ್ಟಿಗೆ ದಾರ ಕಟ್ಟಿ ಗುರುತಿಡಿ. ಒಂದೇ ಗಡ್ಡೆಯನ್ನು ಮುರಿದು ನೆಟ್ಟ ಎರಡು ಬಳ್ಳಿ ಒಂದೇ ಗಿಡವಿದ್ದಂತೆ, ಅವು ಬೇರೆ ಬೇರೆ ಎಂಬ ಲೆಕ್ಕಕ್ಕೆ ಬರುವುದಿಲ್ಲ.

ಯಾವ ಹೂವನ್ನು ಆರಿಸಬೇಕು ಎಂಬಲ್ಲಿ ತಪ್ಪುವವರು ಹೆಚ್ಚು. ಅರಳುವಾಗ ದಳ ಹಸಿರು ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕೊನೆಗೆ ಪೂರ್ತಿ ಕಡುಗೆಂಪು. ಒಂದೇ ಹೂ ದಿನ ಕಳೆದಂತೆ ಹಾಕುವ ವೇಷಗಳು ಇವು, ಬೇರೆ ಬೇರೆ ತಳಿಯಲ್ಲ. ನೋಡಲು ಚಂದ ಎಂದು ಕಡುಗೆಂಪು ಹೂವಿಗೆ ಪರಾಗ ಹಚ್ಚಿದರೆ ವ್ಯರ್ಥ. ಹೊಸದಾಗಿ ಅರಳಿದ ಹಳದಿ ಹೂವೇ ಬೇಕು.

ಕಾಯಿ ಕಟ್ಟಿದರೆ ನಾಲ್ಕೈದು ದಿನದಲ್ಲಿ ದಳ ಸೊರಗಿದರೂ ನಡುವಿನ ಹಸಿರು ಉಬ್ಬುತ್ತಾ ಹೋಗುತ್ತದೆ. ಆಗ ನೀರಿಗೆ ಬರ ಬಂದರೆ ಎಳೆ ಕಾಯಿ ಉದುರುತ್ತದೆ. ನೆಟ್ಟ 160ರಿಂದ 180 ದಿನಕ್ಕೆ ಕಾಯಿ ಬಲಿತು, ಸಿಪ್ಪೆ ಸುಕ್ಕುಗಟ್ಟಿ ಬಣ್ಣ ತಿಳಿಯಾಗುತ್ತದೆ. ಒಡೆಯುವ ಮೊದಲೇ ಕಿತ್ತು ನೆರಳಲ್ಲಿ ಹತ್ತು ಹದಿನೈದು ದಿನ ಒಣಗಿಸಿ.

ಹಸಿರು ಕಷಾಯ, ಬಳ್ಳಾರಿ

ಮೇಲಿನ ಯಾರೂ ಕೈಗವಸಿನ ಮಾತೆತ್ತಿಲ್ಲ. ಗಡ್ಡೆ ಮುರಿಯುವಾಗ, ಬೀಜ ಬಿಡಿಸುವಾಗ ರಬ್ಬರ್ ಗವಸು ಕಡ್ಡಾಯ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೌಟ್ ಎಂಬ ಕೀಲುನೋವಿಗೆ ಕೊಡುವ ಮಾತ್ರೆಯಲ್ಲಿರುವುದೂ ಇದೇ, ಆದರೆ ಅಲ್ಲಿ ಅಳತೆ ಮಿಲಿಗ್ರಾಂನ ಲೆಕ್ಕದಲ್ಲಿ. ಅಳತೆ ಗೊತ್ತಿಲ್ಲದ ಗಡ್ಡೆಯನ್ನು ಔಷಧಿ ಎಂದು ಅರೆದು ಕುಡಿಯುವುದು ಪ್ರಾಣಕ್ಕೆ ಕುತ್ತು.

ಸಿಪ್ಪೆ ತೆಗೆದ ಗಡ್ಡೆ ಗೆಣಸಿನ ಹಾಗೇ ಕಾಣುತ್ತದೆ, ಅದಕ್ಕೇ ಅಡುಗೆಮನೆಯ ಹತ್ತಿರ ಇಡಬಾರದು. ತಿಂದ ಕೂಡಲೇ ಏನೂ ಆಗುವುದಿಲ್ಲ. ವಾಂತಿ, ಭೇದಿ ಶುರುವಾಗುವುದು ಎರಡರಿಂದ ಹನ್ನೆರಡು ಗಂಟೆ ಕಳೆದು. ಅಷ್ಟರಲ್ಲಿ ವಿಷ ಮೈಗೆ ಸೇರಿರುತ್ತದೆ, ಡಯಾಲಿಸಿಸ್‌ನಿಂದಲೂ ಅದನ್ನು ತೆಗೆಯಲಾಗದು. ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣ ಕಾಯದೆ 108ಕ್ಕೆ ಕರೆ ಮಾಡಿ, ಗಡ್ಡೆಯ ತುಂಡನ್ನು ಜೊತೆಗೇ ಒಯ್ಯಿರಿ. ಮೇಕೆ, ದನ ಬಿಡುವ ಬದುವಿನ ಮೇಲೆ ಇದನ್ನು ಹಚ್ಚಬೇಡಿ.

ಕಲ್ಲುಗುಡ್ಡ, ಸಂಡೂರು

ಗುಡ್ಡದ ಗಡ್ಡೆಯ ಪ್ರಶ್ನೆ ಉಳಿದಿತ್ತು. ತೆಗೆದುಕೊಳ್ಳಬೇಡಿ.

ಕಾನೂನು ಒಂದು ಕಾರಣ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಅಗೆದು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ದರೋಜಿ ಕರಡಿಧಾಮದ ಒಳಗಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗಿಡದ ಗಣಿತ. ಪ್ರತಿ ವರ್ಷ ಹಳೆಯ ಗಡ್ಡೆ ತನ್ನ ಸಾರವನ್ನೆಲ್ಲ ಬಳ್ಳಿಗೆ ಕೊಟ್ಟು ಸೊರಗಿ ಸಾಯುತ್ತದೆ, ಕಾಂಡದ ಬುಡದಲ್ಲಿ ಕವಲಿನ ಹೊಸ ಗಡ್ಡೆ ಹುಟ್ಟುತ್ತದೆ. ಅಂದರೆ ವರ್ಷಕ್ಕೆ ಒಂದು ತೋಳಿಗೆ ಹೆಚ್ಚೆಂದರೆ ಎರಡು. ಬೀಜದಿಂದ ಬಂದದ್ದು 50 ಗ್ರಾಂ ತೂಗಲು ನಾಲ್ಕೈದು ವರ್ಷ. ಬೇರೆಡೆ ಹೊಲದ ಬೇಸಾಯಕ್ಕೆ ಬೇಕಾದ ಗಡ್ಡೆಯನ್ನು ಕಾಡಿನಿಂದಲೇ ಅಗೆದು ತಂದದ್ದರಿಂದ ಎಷ್ಟೋ ಗುಡ್ಡಗಳಲ್ಲಿ ಇದು ಅಪರೂಪವಾಯಿತು. ಹೊಲದಲ್ಲಿ ಎಕರೆಗಟ್ಟಲೆ ಇದೆ, ಕುರುಚಲು ಕಾಡಿನಲ್ಲಿ ಇಲ್ಲ, ಇಂಥ ವಿಚಿತ್ರ ಇದರದ್ದು.

ನಮ್ಮ ಸೀಮೆಯ ತಳಿ ಬೇಕು ಎಂಬ ಆಸೆ ಸರಿಯಾದದ್ದೇ. ಅದಕ್ಕೆ ದಾರಿ, ಯಾರದಾದರೂ ತೋಟದಲ್ಲಿ ಬೆಳೆದ ಬಳ್ಳಿಯ ಬೀಜ. ನರ್ಸರಿಗಳಲ್ಲಿ ರಾಥ್ಸ್‌ಚೈಲ್ಡಿಯಾನ ಎಂಬ ಹೆಸರಿನಲ್ಲಿ ಸಿಗುವುದನ್ನು ನಾಡ ಗೌರಿ ಹೂ ಎಂದು ತರಬೇಡಿ. ಅದು ಆಫ್ರಿಕಾ ಮೂಲದ್ದು, ದಳ ಅಗಲ, ಅಂಚಿನ ಅಲೆ ಕಡಿಮೆ, ಕೆಂಪಿಗೆ ಹಳದಿ ಅಂಚು. ಚಂದವೇನೋ ಹೌದು. ಆದರೆ ನಾಡ ಬಳ್ಳಿಯ ಪಕ್ಕ ಹಚ್ಚಿ ಪರಾಗ ಬೆರೆಸಿಬಿಟ್ಟರೆ ಮುಂದಿನ ಬೀಜ ಯಾವುದೆಂದು ಹೇಳುವವರಿಲ್ಲ.

ಮಸಾರಿ ತೋಟ, ಗಂಗಾವತಿ

ಅಗೆದು ನೋಡಿದ ಲೆಕ್ಕ ಇದು. ಕುಂಡದಲ್ಲಿ ಚಿಗುರದ ಐದರಲ್ಲಿ ನಾಲ್ಕು ಕೊಳೆತು ಬರೀ ಸಿಪ್ಪೆ. ಒಂದು ಗಟ್ಟಿ ಇದೆ, 40 ಗ್ರಾಂ, ಆದರೆ ಮೊಗ್ಗು ಉಬ್ಬಿಲ್ಲ. ಕುಂಡದಲ್ಲಿ ಚಿಗುರಿದ್ದರ ಹೊಸ ಗಡ್ಡೆ 20 ಗ್ರಾಂ, ಬುಡ ಮೆತ್ತಗೆ. ನೆಲದಲ್ಲಿ ಚಿಗುರದೇ ಇದ್ದ ಎರಡೂ ನಡುವಿನ ತುಂಡುಗಳೇ, ಒಳಗೆ ಪೊಳ್ಳು. ಚಿಗುರಿದ ನಾಲ್ಕರ ಜಾಗದಲ್ಲಿ ಜೋಡಿ ಗಡ್ಡೆ ಸಿಕ್ಕಿವೆ, ನೆಟ್ಟ ಆಳಕ್ಕಿಂತ ಕೆಳಗೆ, ದೊಡ್ಡದು 110 ಗ್ರಾಂ.

ಇನ್ನೆರಡು ಪ್ರಶ್ನೆ. ಬೀಜ ಸಿಕ್ಕರೆ ಕೂಡಲೇ ಬಿತ್ತಬೇಕೋ ಇಡಬೇಕೋ? ಆಗಸ್ಟ್‌ನಲ್ಲಿ ಎಲೆ ಬೋಳಿಸಿದ ಹುಳು ಯಾವುದು? ಕಪ್ಪು ಮೈ, ಮೇಲೆ ಬಿಳಿ ಮತ್ತು ಕೆಂಪು ಬೊಟ್ಟು.

ಬೀಜಬುಟ್ಟಿ, ಕುಷ್ಟಗಿ

ಹುಳು ಲಿಲ್ಲಿ ಪತಂಗದ್ದು, ಪಾಲಿಟೆಲಾ ಗ್ಲೋರಿಯೋಸೆ. ಗೌರಿ ಹೂವಿನ ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸ, ಹುಳುವಿನ ಹೆಸರಿನಲ್ಲೇ ಈ ಬಳ್ಳಿ ಇದೆ ನೋಡಿ. ಹಗಲಲ್ಲೇ ಎಲೆ ಮೇಲೆ ಕೂತಿರುತ್ತದೆ, ಅಡಗುವುದಿಲ್ಲ. ಐದಾರು ಬಳ್ಳಿಗೆ ಔಷಧಿ ಯಾಕೆ, ಬೆಳಿಗ್ಗೆ ಚಿಮಟಿಗೆಯಲ್ಲಿ ಹಿಡಿದು ಸೋಪಿನ ನೀರಿಗೆ ಹಾಕಿ. ಹೆಚ್ಚಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು. ಹೂವಿನ ಮೇಲೆ ಬೀಳದಂತೆ ಹೊಡೆಯಿರಿ. ಹುಳು ಚಿಕ್ಕದಿದ್ದಾಗ ಬೇವು ಹಿಡಿಯುತ್ತದೆ, ಬಲಿತ ಮೇಲೆ ಲೆಕ್ಕಿಸುವುದಿಲ್ಲ.

ಸೆಪ್ಟೆಂಬರ್ ಚುಕ್ಕೆ ಬೇರೆ ಕಥೆ. ಒಳಗೊಳಗೆ ಉಂಗುರವಿರುವ ಕಂದು ಮಚ್ಚೆಯಾಗಿದ್ದರೆ ಎಲೆ ಅಂಗಮಾರಿ ರೋಗ. ಮ್ಯಾಂಕೋಜೆಬ್ (ಇದೂ ಶಿಲೀಂಧ್ರನಾಶಕ) ಲೀಟರಿಗೆ 2 ಗ್ರಾಂ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಉಂಗುರವಿಲ್ಲದೆ ಇಡೀ ಎಲೆ ತುದಿಯಿಂದ ಹಳದಿಯಾಗುತ್ತಾ ಬಂದರೆ ಬಳ್ಳಿ ಮಲಗಲು ಹೊರಟಿದೆ ಎಂದರ್ಥ, ಆಗ ಏನೂ ಹೊಡೆಯಬೇಡಿ.

ಬೀಜವನ್ನು ಇಡಬೇಕು. ತಾಜಾ ಬೀಜಕ್ಕೆ ಆರರಿಂದ ಒಂಬತ್ತು ತಿಂಗಳ ನಿದ್ದೆ ಇದೆ. ಮೇಲಿನ ಕೆಂಪು ತಿರುಳನ್ನು ಉಜ್ಜಿ ತೆಗೆದು (ಗವಸು ಹಾಕಿ), ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಮುಂದಿನ ಜೂನ್‌ವರೆಗೆ. ಬಿತ್ತುವ ಹಿಂದಿನ ರಾತ್ರಿ ನೀರಲ್ಲಿ ನೆನೆಸಿ. ಅರ್ಧ ಮಸಾರಿ ಅರ್ಧ ಉಸುಕಿನ ಟ್ರೇಯಲ್ಲಿ ಒಂದು ಸೆಂ.ಮೀ. ಆಳ. ಮೂರು ವಾರಕ್ಕೆ ಒಂದು, ಮೂರು ತಿಂಗಳಿಗೆ ಇನ್ನೊಂದು, ಹೀಗೆ ಬೇಕಾಬಿಟ್ಟಿ ಮೊಳೆಯುತ್ತವೆ. ಮೊದಲ ವಾರದಲ್ಲಿ ಬರಲಿಲ್ಲ ಎಂದು ಟ್ರೇ ಬರಿದು ಮಾಡಬೇಡಿ. ಮೊದಲ ವರ್ಷ ಹುಲ್ಲಿನಂಥ ಎಲೆ, ಕೆಳಗೆ ಬಟಾಣಿ ಗಾತ್ರದ ಗಡ್ಡೆ. ಆ ವರ್ಷ ಕೀಳದೆ ಹಾಗೇ ಬಿಡಿ. ಹೂ ಮೂರನೆಯ ಅಥವಾ ನಾಲ್ಕನೆಯ ಮಳೆಗಾಲಕ್ಕೆ.

ಎರಿಹೊಲ, ಸಿಂಧನೂರು

ಬೀಜ ಕಾಗದದಾಗ ಇಡೂದು ಸರಿ, ಆದ್ರ ನಮ್ಮ ಬ್ಯಾಸಿಗಿಗೆ ತಗಡಿನ ಮನ್ಯಾಗ ಇಡಬ್ಯಾಡ್ರಿ. ಮಣ್ಣಿನ ಗಡಿಗ್ಯಾಗ ಹಾಕಿ, ಬಾಯಿಗೆ ಬಟ್ಟಿ ಕಟ್ಟಿ, ತಂಪಿನ ಮೂಲ್ಯಾಗ ಇಡ್ರಿ. ಮಕ್ಕಳ ಕೈಗೆ ಸಿಗಬಾರದು, ಬೀಜ ಕೆಂಪಗ ಚಂದ ಕಾಣತಾವ.

ಅಗದು ತಗದ ಗಡ್ಡಿನೂ ಹಂಗ ಬಿಸಲಿಗೆ ಬಿಡಬ್ಯಾಡ್ರಿ, ನೆರಳಿನ್ಯಾಗ ಒಣ ಉಸುಕಿನಾಗ ಮುಚ್ರಿ. ಮುಂದಿನ ವರ್ಷ ಅಗಿಯೋದ್ರಾಗ ಲಾಭಿಲ್ಲ. ಒಣ ನೆಲದಾಗ ಗಡ್ಡಿ ಬ್ಯಾಸಿಗಿ ತಡಕೊಂತೈತಿ, ಮ್ಯಾಲ ಜೋಳದ ರವದಿ (ಒಣ ಎಲಿ) ನಾಕಿಂಚು ಹಾಸಿದ್ರ ಸಾಕು. ಗೆದ್ದಲ ಇದ್ದಲ್ಲಿ ರವದಿ ಬದಲಿ ಸಣ್ಣ ಗರಸ ಹಾಸ್ರಿ.

ಕಲ್ಲುಗುಡ್ಡ, ಸಂಡೂರು

ನಿಮ್ಮ ಜೋಡಿ ಗಡ್ಡೆಗಳು ನೆಟ್ಟ ಆಳಕ್ಕಿಂತ ಕೆಳಗೆ ಸಿಕ್ಕಿದ್ದು ಸಹಜ, ಹೊಸ ಗಡ್ಡೆ ಕೆಳಮುಖವಾಗಿಯೇ ಬೆಳೆಯುತ್ತದೆ. 110 ಗ್ರಾಂನದರ ಒಂದೊಂದು ತೋಳಿನ ತೂಕ ಅಂದಾಜು ಮಾಡಿ ನೋಡಿ: ಎರಡು ತೋಳೂ 50 ದಾಟುವಂತಿದ್ದರೆ ಕವಲಿನಲ್ಲಿ ಮುರಿಯಿರಿ. ಒಂದು 80, ಇನ್ನೊಂದು 30 ಇದ್ದರೆ ಈ ವರ್ಷ ಜೋಡಿಯಾಗಿಯೇ ನೆಡಿ.

ಬುಡ ಮೆತ್ತಗಾದ 20 ಗ್ರಾಂನದರ ಕೊಳೆತ ಭಾಗವನ್ನು ಗಟ್ಟಿ ತಿರುಳು ಬಿಳಿಯಾಗಿ ಕಾಣುವವರೆಗೆ ಕತ್ತರಿಸಿ, ಬೂದಿ ಹಚ್ಚಿ, ಬೇರೆ ಕುಂಡಕ್ಕೆ ಹಾಕಿ. ಆ ಚಾಕು ಮತ್ತೆ ಅಡುಗೆಗೆ ಹೋಗಬಾರದು, ಮುಂದಿನ ಗಡ್ಡೆಗೂ ಸ್ಪಿರಿಟ್‌ನಲ್ಲಿ ಒರೆಸದೆ ಬಳಸಬಾರದು.

ಮೊಗ್ಗು ಉಬ್ಬದ 40 ಗ್ರಾಂ ಗಡ್ಡೆಯನ್ನು ಎಸೆಯಬೇಡಿ. ಮೇ ಕೊನೆಯಲ್ಲಿ ತಟಕು ತೇವವಿರುವ ಉಸುಕಿನಲ್ಲಿ, ಬೆಚ್ಚಗಿರುವ ನೆರಳಲ್ಲಿ ಎರಡು ಮೂರು ವಾರ ಇಡಿ. ಹಿಂಡಿದರೆ ನೀರು ಬರಬಾರದು, ಅಷ್ಟೇ ತೇವ. ತುದಿ ತಿಳಿ ಬಿಳುಪಾಗಿ ಉಬ್ಬಿದರೆ ಜೂನ್ ಮಳೆ ನೋಡಿ ನೆಡಿ. ಉಬ್ಬದೆ ಗಟ್ಟಿಯಾಗಿಯೇ ಉಳಿದರೂ ನೆಲಕ್ಕೇ ಹಾಕಿ, ಗುರುತಿಗೆ ಒಂದು ಕಲ್ಲಿಡಿ. ಕೆಲವು ಗಡ್ಡೆ ಒಂದು ಮಳೆಗಾಲ ಪೂರ್ತಿ ಮಲಗಿ ಮರುವರ್ಷ ಏಳುವುದುಂಟು. ಉಗುರಿನಿಂದ ಗೀರಿ ಜೀವ ಇದೆಯೇ ಎಂದು ಪರೀಕ್ಷಿಸುವ ಅಭ್ಯಾಸವಿದ್ದರೆ ತೋಳಿನ ನಡುವೆ ಗೀರಿ, ತುದಿಯ ಒಂದಿಂಚಿನಲ್ಲಿ ಮಾತ್ರ ಕೈ ಇಡಬೇಡಿ.